ನಂಬರ್ ಇದ್ದ ಮಾತ್ರಕ್ಕೆ ಅಪರೂಪವಲ್ಲ

ನಮಸ್ಕಾರ. ಪ್ಯಾರಿಸ್‌ನಲ್ಲಿ ಸೇನ್ ನದಿ ದಂಡೆಯ ಹಳೇ ಪುಸ್ತಕದವರ ಹತ್ತಿರ ಕೊಂಡ 1950ರ ದಶಕದ ‘ಮದಾಂ ಬೊವಾರಿ’ (ಫ್ಲೊಬೇರ್‌ನ ಫ್ರೆಂಚ್ ಕಾದಂಬರಿ) ಪ್ರತಿಯಲ್ಲಿ 1432 ಅಂತ ನಂಬರ್ ಇದೆ, ಅದು ಅಪರೂಪದ್ದಾ ಎಂದು ಕೇಳಿದ್ದೀರಿ.

ಬೇಜಾರಾಗಬೇಡಿ, ಬಹುಶಃ ಅಲ್ಲ. ಸದಸ್ಯರಿಗೆ ಪುಸ್ತಕ ಮಾರುತ್ತಿದ್ದ ಆಗಿನ ಫ್ರೆಂಚ್ ಬುಕ್ ಕ್ಲಬ್‌ಗಳು ಸಾವಿರಗಟ್ಟಲೆ ಪ್ರತಿ ಅಚ್ಚು ಹಾಕಿ ಒಂದೊಂದಕ್ಕೂ ನಂಬರ್ ಹೊಡೆಯುತ್ತಿದ್ದವು. ನಂಬರಿಗಿಂತ ಅದರ ಅಕ್ಕಪಕ್ಕದ ಸಾಲು ಓದಿ. ಒಟ್ಟು ಎಷ್ಟು ಪ್ರತಿ, ಯಾವ ನಂಬರಿನಿಂದ ಯಾವ ನಂಬರಿನ ತನಕ ಯಾವ ಕಾಗದ, ಎಲ್ಲ ಅಲ್ಲೇ ಇರುತ್ತದೆ. ಬೆಲೆ ಜಾಸ್ತಿ ನಿಂತಿರುವುದು ಕಾಗದದ ಮೇಲೆ. 1913ರಲ್ಲಿ ಗ್ರಾಸೆ ಪ್ರಕಾಶನ ತಂದ ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್‌ನ ‘ಸ್ವಾನ್’ ಸಂಪುಟ ಉತ್ತಮ ದರ್ಜೆಯ ಜಪಾನ್ ಕಾಗದದಲ್ಲಿ ಬಂದದ್ದು ಬರೀ 5 ಪ್ರತಿ, ಹಾಲೆಂಡ್ ಕಾಗದದಲ್ಲಿ 12. ಆ ಐದರಲ್ಲೊಂದು 2018ರ ಹರಾಜಿನಲ್ಲಿ 15 ಲಕ್ಷ ಯೂರೊ ದಾಟಿತು!

ಚರ್ಮದ ರಟ್ಟಿಗೆ ಮರುಳಾಗಬೇಡಿ. ನಾನೊಮ್ಮೆ ಹಾಗೆ ಕೊಂಡು ಮನೆಗೆ ತಂದು ಬಿಡಿಸಿದರೆ ಪುಟದ ತುಂಬ ಕಂದು ಚುಕ್ಕೆ.

‘ಬೊವಾರಿ’ಯ ಹುಚ್ಚೇ ಹಿಡಿದಿದ್ದರೆ 1857ರ ಮೊದಲ ಮುದ್ರಣ ನೋಡಿ. ಅದರ ಆರಂಭದ ಪ್ರತಿಗಳ ಅರ್ಪಣೆ ಪುಟದಲ್ಲಿ ಸೆನಾರ್ (Senard) ಎಂಬ ವಕೀಲರ ಹೆಸರಿನ ಕೊನೆಗೆ ‘ಡಿ’ ಬದಲು ‘ಟಿ’ ಬಿದ್ದಿದೆ. ಸಂಗ್ರಹಕಾರರು ಹುಡುಕುವುದೇ ಆ ತಪ್ಪನ್ನು.

ನಿಮ್ಮ ಪುಸ್ತಕದ ನಂಬರ್ ಪುಟದ ಫೋಟೊ ಹಾಕ್ತೀರಾ?