ಬ್ಯಾಟು ಅಲ್ಲೇ ಬಿಟ್ಟು ಬರಲಾ ಅಂತ ಕೇಳಿದ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಯಜಮಾನರಿಗೆ ಟ್ಯಾಮ್‌ವರ್ತ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮಗಳಿಗೆ ಹನ್ನೆರಡು, ಅವಳನ್ನು ಸಿಡ್ನಿಯ ಆಬಟ್ಸ್‌ಲೀ ಶಾಲೆಯ ಹಾಸ್ಟೆಲ್ಲಿಗೆ ಹಾಕಬೇಕು ಅಂತಿದ್ದೇವೆ ಅಂದಿರಿ. ಫೀಸು, ಊಟ, ಚರ್ಚಿನ ಶಾಲೆಯಲ್ಲಿ ನಮ್ಮಂಥವರಿಗೆ ಹೇಗೆ, ಇದನ್ನೆಲ್ಲ ಕೇಳಿದಿರಿ. ಕೊನೆಗೆ ಒಂದು ಸಾಲು. "ಮಗಳು ವಿಜಯಪುರದಲ್ಲಿ ಎಡಗೈ ಸ್ಪಿನ್ ಹಾಕುತ್ತಾಳೆ. ಅಲ್ಲಿ ಬಂದ ಮೇಲೆ ಓದೇ ಮುಖ್ಯ ಅಲ್ವಾ ಅಕ್ಕಾ, ಬ್ಯಾಟು ಗೀಟು ಇಲ್ಲೇ ಬಿಟ್ಟು ಬರಲಾ?"

ಆ ಸಾಲಿಗೆ ಆಮೇಲೆ ಬರುತ್ತೇನೆ.

ನಾವು ಬಂದಿದ್ದು 2004ರಲ್ಲಿ. ಇವರಿಗೆ ಡಬ್ಬೋದಲ್ಲಿ ಕೆಲಸ. ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್. ಮರುವರ್ಷ ಜನವರಿ ಕೊನೆಗೆ ಮಗಳನ್ನು ಆಬಟ್ಸ್‌ಲೀಗೆ ಬಿಡಲು ಕಾರಿನಲ್ಲಿ ಹೊರಟೆವು. ಐದು ತಾಸು ದಾರಿ. ಅವಳು ಒಂದು ಮಾತಾಡಲಿಲ್ಲ. ಶಾಲೆ ಇರುವುದು ವಾರೂಂಗಾ ಅನ್ನುವ ಕಡೆ, ಸಿಡ್ನಿಯ ಉತ್ತರಕ್ಕೆ. ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಅದಕ್ಕೆ "ನಮ್ಮ ಮನೆ" ಅಂತ ಅರ್ಥವಂತೆ. ಯಾರೋ ಅದನ್ನು ಹೇಳಿದರು ನೋಡಿ, ಅಲ್ಲಿಯವರೆಗೆ ತಡೆದುಕೊಂಡಿದ್ದ ನನಗೆ ಅಳು ಬಂತು. ನೀಲಗಿರಿ ಮರಗಳಲ್ಲಿ ಜೀರುಂಡೆ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದವು. ಜನವರಿಯಲ್ಲಿ ನಮ್ಮ ಕಡೆಯ ಏಪ್ರಿಲ್ ಬಿಸಿಲು.

ಅವತ್ತು ನನಗೆ ಧೈರ್ಯ ಕೊಟ್ಟಿದ್ದು ಶಾಲೆಯ ಧ್ಯೇಯವಾಕ್ಯ. ಲ್ಯಾಟಿನ್‌ನಲ್ಲಿದೆ. ಅರ್ಥ ಕೇಳಿದೆ. "ಕಾಲ ನೇಕಾರನ ಲಾಳಿಗಿಂತ ಬೇಗ ಓಡುತ್ತೆ." ನಾನು ಗುಳೇದಗುಡ್ಡದ ನೇಕಾರರ ಮನೆಯವಳು. ಅಪ್ಪ ಖಣ ನೇಯುತ್ತಿದ್ದರು. ಲಾಳಿಯ ಟಕ್ ಟಕ್ ಕೇಳುತ್ತಲೇ ನಾವೆಲ್ಲ ಮಲಗಿ ಎದ್ದವರು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, "ಅಲ್ಲೂ ಮಗ್ಗ ಅದಾವೇನವಾ?" ಅಂದರು.

ಈಗ ನಿಮ್ಮ ಪ್ರಶ್ನೆಗಳು. ಫೀಸು ಜಾಸ್ತಿ. ಪ್ರತಿ ವರ್ಷ ಏರುತ್ತೆ, ನಾನು ಕೊಟ್ಟ ಲೆಕ್ಕ ಈಗ ಕೆಲಸಕ್ಕೆ ಬರಲ್ಲ. ಶಾಲೆಯವರನ್ನೇ ಕೇಳಿ. ಸ್ಕಾಲರ್‌ಶಿಪ್ ಬಗ್ಗೆ ಕೇಳೋಕೆ ನಾಚಬೇಡಿ, ಇಲ್ಲಿ ಯಾರೂ ತಪ್ಪು ತಿಳಿಯಲ್ಲ. ಊಟಕ್ಕೆ, ಮಗು ಮಾಂಸ, ಮೀನು, ಮೊಟ್ಟೆ ಏನನ್ನೂ ತಿನ್ನಲ್ಲ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಶೇಂಗಾ ಚಟ್ನಿಪುಡಿಯನ್ನು ಹಾಸ್ಟೆಲ್ಲಿಗೆ ಕಳಿಸುವ ಮುಂಚೆ ಕೇಳಿ. ಇಲ್ಲಿ ಶೇಂಗಾ ಆಗದ ಮಕ್ಕಳು ಬಹಳ.

ಧರ್ಮದ ವಿಷಯ. ಇದು ಆಂಗ್ಲಿಕನ್ ಶಾಲೆ. 1885ರಲ್ಲಿ ಮರಿಯನ್ ಕ್ಲಾರ್ಕ್ ಅನ್ನುವ ಹೆಣ್ಣುಮಗಳು ಶುರು ಮಾಡಿದ್ದು, 1924ರಲ್ಲಿ ಚರ್ಚಿನ ಕೈಗೆ ಬಂತು. ಪ್ರಾರ್ಥನೆಗೆ ಕೂರಬೇಕು, ಬೈಬಲ್ ಪಾಠ ಇರುತ್ತೆ. ಅದಕ್ಕೆ ಮನಸ್ಸಿದ್ದರೆ ಹಾಕಿ. ನಮ್ಮ ಮಗಳು ಪ್ರಾರ್ಥನೆಗೂ ಕೂತಳು, ಶ್ರಾವಣ ಸೋಮವಾರವನ್ನೂ ಬಿಡಲಿಲ್ಲ. ಸೋಮವಾರ ಅಂದರೆ ಏನೇನು ಅಂತ ನಿಮಗೆ ನಾನು ಹೇಳಬೇಕಾ?

ಓಡಾಟ ಸುಲಭ. ಟ್ಯಾಮ್‌ವರ್ತ್‌ನಿಂದ ಸಿಡ್ನಿಗೆ ಬರುವ ರೈಲು ಹಾರ್ನ್ಸ್‌ಬಿಯಲ್ಲಿ ನಿಲ್ಲುತ್ತೆ. ಅಲ್ಲಿ ಇಳಿದು ಲೋಕಲ್ ಹತ್ತಿದರೆ ವಾರೂಂಗಾ ಎರಡನೇ ಸ್ಟೇಷನ್. ಶಾಲೆ ಜನವರಿ ಕೊನೆಗೆ ಶುರು, ಡಿಸೆಂಬರ್‌ಗೆ ವರ್ಷ ಮುಗಿಯುತ್ತೆ. ನಾಲ್ಕು ಟರ್ಮ್. ಒಂದನೇ ಮತ್ತು ನಾಲ್ಕನೇ ಟರ್ಮ್ ಬೇಸಿಗೆ, ಅಂದರೆ ಕ್ರಿಕೆಟ್. ನಡುವಿನ ಎರಡು ಟರ್ಮ್ ಚಳಿ, ಹಾಕಿ, ನೆಟ್‌ಬಾಲ್. ಶನಿವಾರ ಬೇರೆ ಶಾಲೆಗಳ ಜೊತೆ ಪಂದ್ಯ. ಆಟ ಇಲ್ಲಿ ಪಾಠದಷ್ಟೇ ಮುಖ್ಯ. ನನಗೆ ಅರ್ಥವಾಗದೆ ಹೋಗಿದ್ದು ಇದೇ.

ನನ್ನ ಮಗಳು ಮೀಡಿಯಂ ಪೇಸ್ ಹಾಕುತ್ತಿದ್ದಳು. ಡಬ್ಬೋದಲ್ಲಿ ಇದ್ದ ಮೊದಲ ವರ್ಷ ಪಕ್ಕದ ಮನೆ ಹುಡುಗರ ಜೊತೆ ಕಲಿತಿದ್ದು. ಆಬಟ್ಸ್‌ಲೀಯಲ್ಲಿ ತಂಡಕ್ಕೆ ಸೇರಿದಳು. ಏಳನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗೆ ಮೂರು ವರ್ಷ ಆಡಿದಳು. ಮೂರು ವರ್ಷದಲ್ಲಿ ನಾನು ಪಂದ್ಯ ನೋಡಲು ಹೋಗಿದ್ದು ಒಂದೇ ಸಲ.

ಆ ಒಂದು ಸಲವೂ ನಾನು ಕಾರಿನಿಂದ ಇಳಿಯಲಿಲ್ಲ. ಬೇರೆ ತಾಯಂದಿರು ಗೆರೆಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬಾಕೆ ಐಸ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕಿತ್ತಳೆ ಹಣ್ಣು, ಸಿಪ್ಪೆ ಸಮೇತ ನಾಲ್ಕು ನಾಲ್ಕು ಹೋಳು ಮಾಡಿ ತುಂಬಿದ್ದರು. ಆಟದ ನಡುವೆ ಹುಡುಗಿಯರು ಬಂದು ಒಂದೊಂದು ಹೋಳು ಬಾಯಿಗಿಟ್ಟು, ರಸ ಹೀರಿ, ಸಿಪ್ಪೆ ಬಕೆಟ್ಟಿಗೆ ಎಸೆದು ಓಡುತ್ತಿದ್ದರು. ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ನನ್ನ ಇಂಗ್ಲಿಷ್ ಕೇಳಿ ಏನಂದುಕೊಳ್ಳುತ್ತಾರೋ ಅಂತ ಸಂಕೋಚ. ಕಿಟಕಿ ಏರಿಸಿಕೊಂಡು ಯಾವುದೋ ಪತ್ರಿಕೆ ತಿರುವುತ್ತಾ ಕೂತೆ. ಇದ್ದಕ್ಕಿದ್ದ ಹಾಗೆ ಹೋ ಅಂತ ಸದ್ದು. ತಲೆ ಎತ್ತಿದರೆ ಹುಡುಗಿಯರೆಲ್ಲ ನನ್ನ ಮಗಳನ್ನು ತಬ್ಬಿಕೊಂಡಿದ್ದಾರೆ. ಬಿದ್ದ ವಿಕೆಟ್ಟು ನಾನು ನೋಡಲೇ ಇಲ್ಲ. ಆ ಗುಂಪಿನೊಳಗಿಂದ ಅವಳು ಕಾರಿನ ಕಡೆ ನೋಡುತ್ತಿದ್ದಳು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ಭಾನುವಾರ ಸಂಜೆ ಫೋನ್ ಮಾಡಿ ಉಸಿರು ಬಿಡದೆ ಹೇಳಿದಳು. "ಅಮ್ಮಾ, ನಮ್ಮ ಶಾಲೆಗೆ ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು ಇಂಗ್ಲೆಂಡಿನ ಕ್ಯಾಪ್ಟನ್! ಆಸ್ಟ್ರೇಲಿಯಾದ ಕ್ಯಾಪ್ಟನ್ನೂ ನಮ್ಮ ಶಾಲೆಯವಳೇ!" ನಾನು ಏನು ಕೇಳಿದೆ ಗೊತ್ತಾ? "ಅದಿರಲಿ, ಗಣಿತದಲ್ಲಿ ಎಷ್ಟು ಬಂತು?"

ಅವಳು ಹೇಳಲು ಹೊರಟಿದ್ದ ಕಥೆಯನ್ನು ಎಷ್ಟೋ ವರ್ಷದ ಮೇಲೆ ನಾನೇ ಹುಡುಕಿ ಓದಿದೆ. ಮಾರ್ಗರೆಟ್ ಪೀಡನ್, ಬಾರ್ಬರಾ ಪೀಡನ್ ಅಂತ ಅಕ್ಕತಂಗಿಯರು. ಆಬಟ್ಸ್‌ಲೀಯಲ್ಲಿ ಓದಿದವರು. ಅಪ್ಪ ಸಿಡ್ನಿ ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರ್. ಹೆಣ್ಣುಮಕ್ಕಳು ಕ್ರಿಕೆಟ್ ಆಡುವುದೇ ವಿಚಿತ್ರ ಅನ್ನುವ ಕಾಲ. ಈ ದೇಶದಲ್ಲಿ ಮಹಿಳಾ ಕ್ರಿಕೆಟ್ಟಿಗೆ ಒಂದು ಸಂಘ ಕಟ್ಟಲು ಓಡಾಡಿದವರಲ್ಲಿ ಮಾರ್ಗರೆಟ್ ಒಬ್ಬರು. 1934ರ ಡಿಸೆಂಬರ್ 28ರಂದು ಬ್ರಿಸ್ಬೇನ್‌ನಲ್ಲಿ ಲೋಕದ ಮೊಟ್ಟಮೊದಲ ಮಹಿಳಾ ಟೆಸ್ಟ್ ಶುರುವಾದಾಗ ಆಸ್ಟ್ರೇಲಿಯಾದ ನಾಯಕಿ ಅವರೇ. ಆ ಸರಣಿಯಲ್ಲಿ ತಂಗಿ ಬಾರ್ಬರಾ ಕೂಡ ಆಡಿದರು.

ಎದುರಿಗಿದ್ದ ಇಂಗ್ಲೆಂಡಿನ ನಾಯಕಿ ಬೆಟ್ಟಿ ಆರ್ಚ್‌ಡೇಲ್. ಆ ತಂಡದ ಹುಡುಗಿಯರು ಹಡಗಿನ ಖರ್ಚನ್ನು ತಾವೇ ಹಾಕಿಕೊಂಡು ಅಷ್ಟು ದೂರ ಬಂದಿದ್ದರು. ಆಸ್ಟ್ರೇಲಿಯಾ 47 ರನ್ನಿಗೆ ಆಲೌಟ್. ಏಳು ವಿಕೆಟ್ ತೆಗೆದ ಮರ್ಟಲ್ ಮ್ಯಾಕ್ಲಾಗನ್ ಹುಟ್ಟಿದ್ದು ನಮ್ಮ ಅಂಬಾಲಾದಲ್ಲಿ. ಕೊಟ್ಟಿದ್ದು ಹತ್ತೇ ರನ್ನು. ಆ ಪಂದ್ಯ ಇಂಗ್ಲೆಂಡ್ ಗೆದ್ದಿತು, ಸರಣಿಯೂ ಅವರದೇ. ಆದರೆ ಮಾರ್ಗರೆಟ್ ಬಿಡಲಿಲ್ಲ. 1937ರಲ್ಲಿ ತಂಡ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ, ನಾರ್ಥಾಂಪ್ಟನ್‌ನಲ್ಲಿ 31 ರನ್ನಿನಿಂದ ಗೆದ್ದು ಬಂದರು. ಆಸ್ಟ್ರೇಲಿಯಾದ ಹೆಣ್ಣುಮಕ್ಕಳಿಗೆ ಅದು ಮೊದಲ ಟೆಸ್ಟ್ ಗೆಲುವು.

ಆರ್ಚ್‌ಡೇಲ್ ಕಥೆ ಇನ್ನೂ ದೊಡ್ಡದು. ಅವರ ತಾಯಿ ಹೆಂಗಸರಿಗೆ ಓಟಿನ ಹಕ್ಕು ಬೇಕು ಅಂತ ಹೋರಾಡಿ ಜೈಲಿಗೆ ಹೋದವರು. ಮಗಳು ವಕೀಲೆ, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಕೆಲಸ. ಯುದ್ಧ ಮುಗಿದ ಮೇಲೆ ಸಿಡ್ನಿಗೆ ಬಂದು ಇಲ್ಲೇ ನಿಂತುಬಿಟ್ಟರು. ಅವರೂ ನಮ್ಮ ಹಾಗೆ ವಲಸೆ ಬಂದವರೇ ಅಲ್ವಾ? 1958ರಿಂದ 1970ರವರೆಗೆ ಆಬಟ್ಸ್‌ಲೀ ನಡೆಸಿದರು. ಹುಡುಗಿಯರು ಕೈಗವಸು, ಟೋಪಿ ಹಾಕಿಕೊಂಡೇ ಓಡಾಡಬೇಕು ಅನ್ನುವ ಕಟ್ಟುಪಾಡು ತೆಗೆದರು. ಭೌತಶಾಸ್ತ್ರದ ಪಾಠ ಶುರು ಮಾಡಿಸಿದರು. ಲಂಡನ್ನಿನ ಲಾರ್ಡ್ಸ್ ಮೈದಾನದ ಎಂಸಿಸಿ ಕ್ರಿಕೆಟ್ ಕ್ಲಬ್ಬಿನವರು 1999ರಲ್ಲಿ ಮೊದಲ ಸಲ ಹತ್ತು ಹೆಂಗಸರಿಗೆ ಗೌರವ ಸದಸ್ಯತ್ವ ಕೊಟ್ಟಾಗ ಅದರಲ್ಲಿ ಇವರೂ ಒಬ್ಬರು. ಆಗ ಅವರಿಗೆ ತೊಂಬತ್ತು ದಾಟಿತ್ತು. ಇದನ್ನು ಓದಿದಾಗ ನನಗೆ ಬಹಳ ಹೆಮ್ಮೆ ಆಯಿತು, ನನ್ನ ಮಗಳು ಓಡಾಡಿದ ಶಾಲೆ ಅಂತ. ಆ ಹೆಮ್ಮೆಯನ್ನು ಅವತ್ತೇ ಫೋನಿನಲ್ಲಿ ಅವಳ ಜೊತೆ ಹಂಚಿಕೊಳ್ಳಬೇಕಿತ್ತು.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದ ಆ ವರ್ಷದ ದೀಪಾವಳಿಗೆ ಸಿಡ್ನಿಯ ನಮ್ಮವರ ಒಂದು ಮನೆಗೆ ಹೋಗಿದ್ದೆವು. ನಾಲ್ಕು ಜನ ಸೇರಿದರೆ ಏನು ಮಾತು ಬರುತ್ತೆ ಅಂತ ನಿಮಗೆ ಗೊತ್ತು. "ಹುಡುಗಿ ಬಿಸಿಲಲ್ಲಿ ಎಷ್ಟು ಕಪ್ಪಾಗಿದ್ದಾಳೆ." "ನಮ್ಮವಳನ್ನು ಶನಿವಾರ ಟ್ಯೂಷನ್‌ಗೆ ಹಾಕಿದ್ದೇವೆ, ನೀವು?" ಕೇಳಿದವರು ಮರೆತೂಬಿಟ್ಟಿರಬಹುದು. ನಾನು ಮರೆಯಲಿಲ್ಲ. ಡಬ್ಬೋಗೆ ಬಂದ ವಾರದಲ್ಲೇ ಫೋನ್ ಮಾಡಿ, ಮುಂದಿನ ವರ್ಷದಿಂದ ಕ್ರಿಕೆಟ್ ಬೇಡ, ಶನಿವಾರ ಗಣಿತ ಅಂದೆ. ಜಗಳ ಆಡುತ್ತಾಳೆ ಅಂದುಕೊಂಡು ಉತ್ತರ ಜೋಡಿಸಿಟ್ಟಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಮ್ಮ" ಅಂದಳು. ಅಷ್ಟೇ. ಆಟದ ಟೀಚರ್ ಫೋನ್ ಮಾಡಿ, ಇನ್ನೊಮ್ಮೆ ಯೋಚನೆ ಮಾಡಿ, ಚೆನ್ನಾಗಿ ಬೌಲ್ ಮಾಡುತ್ತಾಳೆ ಅಂದರು. ನಮ್ಮ ಮನೆಯಲ್ಲಿ ಓದು ಮೊದಲು ಅಂತ ಹೇಳಿ ಇಟ್ಟೆ.

ಓದಿದಳು. ಒಳ್ಳೆಯ ಅಂಕ ಬಂತು. ಇಂಜಿನಿಯರ್ ಆದಳು, ಈಗ ಮೆಲ್ಬರ್ನ್‌ನಲ್ಲಿದ್ದಾಳೆ. ಆದರೆ ಹತ್ತನೇ ಕ್ಲಾಸಿನಿಂದ ಈಚೆಗೆ ನಮ್ಮ ಫೋನ್ ಮಾತು ಚಿಕ್ಕದಾಯಿತು. ಊಟ ಆಯ್ತಾ, ಆಯ್ತು. ಪರೀಕ್ಷೆ ಹೇಗೆ, ಪರವಾಗಿಲ್ಲ. ಉಸಿರು ಬಿಡದೆ ಹೇಳುವ ಹುಡುಗಿ ಮತ್ತೆ ಆ ಫೋನಿನಲ್ಲಿ ಸಿಗಲಿಲ್ಲ.

2016ರಲ್ಲಿ ಡಬ್ಬೋ ಬಿಟ್ಟು ಹಾರ್ನ್ಸ್‌ಬಿಗೆ ಮನೆ ಬದಲಾಯಿಸಿದೆವು. ಅವಳ ಕಪಾಟು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಚಳಿಗಾಲದ ಉಣ್ಣೆ ಸಾಕ್ಸ್, ಒಂದೇ ಒಂದು, ಗಂಟು ಹಾಕಿದ್ದು. ಬಿಚ್ಚಿದೆ. ಕೆಂಪು ಚೆಂಡು. ಒಂದು ಬದಿ ಪೂರ್ತಿ ತರಚಿ ಬೂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಬದಿ ಕನ್ನಡಿಯ ಹಾಗೆ ಮಿರಿಮಿರಿ. ಸ್ವಿಂಗ್ ಆಗಲಿ ಅಂತ ಉಜ್ಜಿ ಉಜ್ಜಿ ಇಟ್ಟಿದ್ದು. ಆಟ ಬಿಟ್ಟ ಮೇಲೂ ಉಜ್ಜುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಫೋನ್ ಮಾಡಿ ಚೆಂಡು ಸಿಕ್ಕಿತು, ಕಳಿಸಲಾ ಅಂದೆ. "ಬಿಡಮ್ಮ, ಅಲ್ಲೇ ಇರಲಿ" ಅಂದಳು. ಇಲ್ಲೇ ಇದೆ. ಸಾಕ್ಸಿನಲ್ಲೇ ಇಟ್ಟಿದ್ದೇನೆ.

ನಿಮ್ಮ ಮಗಳು ದೇಶಕ್ಕೆ ಆಡುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಆಡದೇ ಇರಬಹುದು. ನಿಮ್ಮ ವಿಜಯಪುರದವಳೇ ರಾಜೇಶ್ವರಿ ಗಾಯಕ್ವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ ತೆಗೆದಳು, ಅದೇ ಎಡಗೈ ಸ್ಪಿನ್ನಿನಲ್ಲಿ. ನಿಮ್ಮ ಮಗಳು ಅವಳನ್ನು ನೋಡಿಯೇ ಕಲಿತಿರಬೇಕು. ಹನ್ನೆರಡು ವರ್ಷದ ಹುಡುಗಿ ಊರು, ಅಜ್ಜಿ, ಗೆಳತಿಯರು, ಭಾಷೆ ಎಲ್ಲ ಬಿಟ್ಟು ಗೊತ್ತಿಲ್ಲದ ಹಾಸ್ಟೆಲ್ಲಿಗೆ ಹೋಗುತ್ತಾಳೆ. ಅಲ್ಲಿ ಅವಳ ಇಂಗ್ಲಿಷ್ ಬೇರೆ, ಊಟ ಬೇರೆ, ದೇವರು ಬೇರೆ. ಚೆಂಡು ಕೈಗೆ ಕೊಟ್ಟರೆ ಮಾತ್ರ ಮೊದಲ ದಿನವೇ ಎಲ್ಲರಿಗೂ ಅರ್ಥವಾಗುತ್ತಾಳೆ. ಅದನ್ನೂ ವಿಜಯಪುರದಲ್ಲಿ ಬಿಟ್ಟು ಬರಬೇಡಿ ತಂಗಿ.

ಬ್ಯಾಟು ತನ್ನಿ. ಆದರೆ ಚೆನ್ನಾಗಿ ಒರೆಸಿ, ಶೂವಿನ ಅಡಿಯ ಮಣ್ಣನ್ನು ಹಳೆ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಿ. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮಣ್ಣು, ಮರ, ತಿಂಡಿ ವಿಷಯಕ್ಕೆ ಬಹಳ ಕಟ್ಟುನಿಟ್ಟು. ಬ್ಯಾಟು, ಚಟ್ನಿಪುಡಿ, ಕಟಕ ರೊಟ್ಟಿ ಎಲ್ಲವನ್ನೂ ಬಂದಿಳಿಯುವಾಗ ತುಂಬುವ ಕಾರ್ಡಿನಲ್ಲಿ ಇದೆ ಅಂತಲೇ ಬರೆಯಿರಿ. ಮುಚ್ಚಿಟ್ಟರೆ ದಂಡ. ತೋರಿಸಿದರೆ ಸಾಮಾನ್ಯವಾಗಿ ನೋಡಿ ಬಿಡುತ್ತಾರೆ.

ಅವಳ ಮೊದಲ ಪಂದ್ಯ ಯಾವ ಶನಿವಾರ ಅಂತ ನನಗೆ ತಿಳಿಸಿ. ನೀವು ಬರಲೇಬೇಕು. ಟ್ಯಾಮ್‌ವರ್ತ್‌ನಿಂದ ಬರೋಕೆ ಆಗದಿದ್ದರೆ ನಾನು ಇಲ್ಲೇ ಎರಡು ಸ್ಟೇಷನ್ ದೂರದಲ್ಲಿದ್ದೇನೆ. ಕುರ್ಚಿ ತೆಗೆದುಕೊಂಡು ಹೋಗಿ ಗೆರೆಯ ಪಕ್ಕದಲ್ಲೇ ಕೂರುತ್ತೇನೆ. ಕಿತ್ತಳೆ ನಾನೇ ಹೆಚ್ಚಿಕೊಂಡು ಹೋಗುತ್ತೇನೆ.