ಬಾಡಿಗೆ ಮನೆಯೊಳಗೆ ವರ್ಷಗಟ್ಟಲೆ ಉಳಿಯುವ ಗಿಡ ಯಾವುದು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಹಾಲ್‌ಗೆ ಪೂರ್ವದ ಕಡೆ ಒಂದೇ ಕಿಟಕಿ. ನರ್ಸರಿಯಿಂದ ತಂದ ಗಿಡಗಳೆಲ್ಲ ಮೂರು ತಿಂಗಳಿಗೇ ಹೋಗುತ್ತಿವೆ. ಮನೆಯೊಳಗೇ ವರ್ಷಗಟ್ಟಲೆ ಬದುಕುವ, ನೀವೇ ಕಡ್ಡಿ ನೆಟ್ಟು ಬೆಳೆಸಬಹುದಾದ ಗಿಡ ಬೇಕು.

ನಾನು ಈ ಊರಿನಲ್ಲಿ 22 ವರ್ಷಗಳಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದೇನೆ. ಐದೂ ಮನೆಗಳ ಕಿಟಕಿ ಕಂಡ ಗಿಡ ಒಂದೇ, ಮನಿಪ್ಲಾಂಟ್. ಮೊದಲ ಮನೆಯ ಓನರ್ ಅಮ್ಮ ಒಂದು ಗೇಣು ಬಳ್ಳಿ ಮುರಿದು ಕೊಟ್ಟಿದ್ದರು, ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದೆ. ಆ ಬಳ್ಳಿಯ ಒಂದೇ ಒಂದು ಎಲೆಯೂ ಈಗ ಉಳಿದಿಲ್ಲ. ತುದಿ ಕತ್ತರಿಸಿ ನೆಟ್ಟದ್ದು, ಅದರ ತುದಿ ಮತ್ತೆ ಕತ್ತರಿಸಿ ನೆಟ್ಟದ್ದು, ಹೀಗೇ ಬಂದಿದೆ. ಆದರೂ ಅದೇ ಗಿಡ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ನನ್ನ ಅನುಭವದಲ್ಲಿ ಒಂದೇ ಕುಂಡದಲ್ಲಿ ಜೋಪಾನ ಮಾಡಿಟ್ಟ ಗಿಡಕ್ಕಿಂತ, ಕತ್ತರಿಸಿ ಎರಡು ಮಾಡಿ ಒಂದನ್ನು ಬೇರೆಯವರಿಗೆ ಕೊಟ್ಟ ಗಿಡವೇ ಹೆಚ್ಚು ಕಾಲ ಉಳಿದಿದೆ.

ಬಳ್ಳಿಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆಯ ತೊಟ್ಟು ಬಳ್ಳಿಗೆ ಕೂಡುವಲ್ಲಿ ಕಬ್ಬಿಗಿರುವಂತೆ ಗೆಣ್ಣು ಇರುತ್ತದೆ. ಅಲ್ಲೇ ಕಂದು ಬಣ್ಣದ ಸಣ್ಣ ಮೊಳೆಯೊಂದು ಬೆರಳಿಗೆ ತಗಲುತ್ತದೆ, ಬೇರು ಹೊರಡುವುದು ಅದರಿಂದ. ಗೆಣ್ಣಿನಿಂದ ಅರ್ಧ ಬೆರಳು ಕೆಳಗೆ ಕತ್ತರಿಸಿ, ಗೆಣ್ಣು ನೀರಿನಲ್ಲಿ ಮುಳುಗಿ ಎಲೆ ಮೇಲೆ ಉಳಿಯುವಂತೆ ಬಾಟಲಿಯಲ್ಲಿಡಿ. ಹತ್ತು ಹದಿನೈದು ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಗೆಣ್ಣಿಲ್ಲದ ಬರೀ ಎಲೆ ಇಟ್ಟರೆ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಚಿಗುರು ಮಾತ್ರ ಬರುವುದಿಲ್ಲ. ಎಷ್ಟೋ ಜನ ಇಲ್ಲಿಯೇ ಸೋತು ಕೈಬಿಡುತ್ತಾರೆ.

ಬಾಟಲಿಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಿರಿ. ದಯವಿಟ್ಟು ಇದನ್ನು ಸಣ್ಣ ಮಾತು ಎಂದುಕೊಳ್ಳಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ನೀರಿನ ಅಂಚಿನಲ್ಲಿ ಗಾಜಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ಕುಂಡದಡಿಯ ತಟ್ಟೆಗೂ ಇದೇ ಮಾತು.

ಇನ್ನು ನಿಮ್ಮ ಗಿಡಗಳು ಏಕೆ ಸಾಯುತ್ತಿವೆ? ನೋಡದೆ ಹೇಳುತ್ತಿದ್ದೇನೆ, ಆದರೂ ಹತ್ತರಲ್ಲಿ ಎಂಟು ಸಲ ಕಾರಣ ನೀರು ಹೆಚ್ಚಾದದ್ದೇ. ನಮ್ಮ ನರ್ಸರಿಗಳಲ್ಲಿ ಸಸಿಗಳು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಅಂಟು ಕೆಮ್ಮಣ್ಣಿನಲ್ಲಿ ಬರುತ್ತವೆ. ಹೊರಗೆ ಬಿಸಿಲು ಗಾಳಿಗೆ ಆ ಮಣ್ಣು ಬೇಗ ಒಣಗುತ್ತದೆ. ಮನೆಯೊಳಗೆ ವಾರವಾದರೂ ಒದ್ದೆಯಾಗಿಯೇ ಇದ್ದು, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಬಾಡುತ್ತದೆ. ಬಾಡಿತಲ್ಲ ಎಂದು ನಾವು ಇನ್ನಷ್ಟು ನೀರು ಹಾಕುತ್ತೇವೆ. ತಂದು ಎರಡು ವಾರ ಬಿಟ್ಟು ಮಣ್ಣು ಬದಲಿಸಿ: ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಸಮಸಮ, ಜೊತೆಗೆ ಒಂದೆರಡು ಹಿಡಿ ದಪ್ಪ ಮರಳು. ನೀರು ಹಾಕುವ ಮುನ್ನ ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ತಂಪಾಗಿದ್ದರೆ ಆ ದಿನ ಬಿಟ್ಟುಬಿಡಿ.

ಕಿಟಕಿಯಿಂದ ದೂರದ ಮೂಲೆಗೆ ಸ್ನೇಕ್ ಪ್ಲಾಂಟ್ ಮತ್ತು ಜೀಜೀ (ZZ) ಪ್ಲಾಂಟ್ ಸಾಕು. ಒಂದು ಪಶ್ಚಿಮ ಆಫ್ರಿಕಾದ್ದು, ಇನ್ನೊಂದು ಪೂರ್ವ ಆಫ್ರಿಕಾದ್ದು. ಒಂದು ದಪ್ಪ ಎಲೆಯಲ್ಲಿ, ಇನ್ನೊಂದು ಮಣ್ಣಿನೊಳಗಿನ ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ನೀವು ಮೂರು ವಾರ ಊರಿಗೆ ಹೋಗಿ ಬಂದರೂ ಅವು ಹಾಗೆಯೇ ಇರುತ್ತವೆ. ಸ್ನೇಕ್ ಪ್ಲಾಂಟಿನ ಎಲೆಯನ್ನು ನಾಲ್ಕು ಇಂಚಿನ ತುಂಡು ಮಾಡಿ, ಎರಡು ದಿನ ನೆರಳಿನಲ್ಲಿ ಒಣಗಿಸಿ ಮಣ್ಣಿಗೆ ಸಿಕ್ಕಿಸಿದರೆ ಬೇರು ಬರುತ್ತದೆ. ಬುಡದ ಕಡೆ ಯಾವುದು ಎಂದು ಗುರುತು ಮಾಡಿಕೊಳ್ಳಿ, ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ಹಳದಿ ಅಂಚಿನ ಜಾತಿಯಾದರೆ ಎಲೆ ತುಂಡಿನಿಂದ ಬರುವ ಮರಿ ಪೂರಾ ಹಸಿರಾಗಿರುತ್ತದೆ. ಹಳದಿ ಅಂಚು ಉಳಿಯಬೇಕಾದರೆ ಗೆಡ್ಡೆಯನ್ನೇ ಬಿಡಿಸಿ ನೆಡಬೇಕು. ಜೀಜೀಯ ಒಂದೊಂದು ಎಲೆಯೂ ಒಂದೊಂದು ಗಿಡವಾಗಬಲ್ಲದು, ಆದರೆ ಮೇಲೆ ಚಿಗುರು ಕಾಣಲು ಆರು ತಿಂಗಳಾದರೂ ಬೇಕು. ಅಗೆದು ನೋಡುವ ಆಸೆ ತಡೆದುಕೊಳ್ಳಿ.

ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಈ ಮೂರನ್ನೂ ಎಟುಕದಂತೆ ಇಡಿ. ಕಚ್ಚಿದರೆ ಮನಿಪ್ಲಾಂಟ್, ಜೀಜೀಗಳಿಂದ ಬಾಯಿ ಉರಿಯುತ್ತದೆ, ಸ್ನೇಕ್ ಪ್ಲಾಂಟಿನಿಂದ ವಾಂತಿ ಭೇದಿ ಆಗಬಹುದು. ಅಂಥ ಮನೆಗೆ ಸ್ಪೈಡರ್ ಪ್ಲಾಂಟ್ ಒಳ್ಳೆಯದು. ಉದ್ದನೆಯ ದಾರದಂಥ ಕಡ್ಡಿಗಳ ತುದಿಯಲ್ಲಿ ಅದೇ ಮರಿಗಳನ್ನು ಹಾಕಿ ನೇತುಬಿಡುತ್ತದೆ, ನೀವು ಕತ್ತರಿಸಿ ನೆಟ್ಟರಾಯಿತು. ಬೋರ್‌ವೆಲ್ ನೀರಿನ ಲವಣಕ್ಕೆ ಅದರ ಎಲೆತುದಿ ಕಂದಾಗುತ್ತದೆ. ಕಾವೇರಿ ನೀರೋ ಹಿಡಿದಿಟ್ಟ ಮಳೆನೀರೋ ಹಾಕಿ.

ಗಾಳಿ ಶುದ್ಧವಾಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಆ ಮಾತಿಗೆ ಆಧಾರವೆಂದು ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲುಗಳಿರುವ ಮನೆಯಲ್ಲಿ ನಾಲ್ಕು ಕುಂಡದಿಂದ ಅದು ಆಗುವ ಕೆಲಸವಲ್ಲ. ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ, ಅಷ್ಟು ಸಾಲದೇ?

ಒಂದೇ ಗಿಡ ಕುಂಡದಲ್ಲಿ ಎಷ್ಟು ವರ್ಷ ಬದುಕಬಲ್ಲದು ಎಂಬ ಕುತೂಹಲ ನಿಮಗಿದ್ದರೆ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ, ತಾಳೆಯಂತೆ ಕಾಣುವ ಸೈಕಾಡ್ ಎಂಬ ಗಿಡವೊಂದು ಇಂದಿಗೂ ಕುಂಡದಲ್ಲೇ ಇದೆ. ನಮ್ಮ ಲಾಲ್‌ಬಾಗ್ ಅನ್ನು ನೋಡಿಕೊಂಡ ಕ್ರುಂಬಿಗಲ್ ಅವರೂ ಕ್ಯೂನಲ್ಲಿ ಕೆಲಸ ಮಾಡಿ ಬಂದವರು. ಆ ಗಿಡವನ್ನು ಅವರೂ ಕಂಡಿರಬೇಕು ಎಂದು ಆಗಾಗ ಅಂದುಕೊಳ್ಳುತ್ತೇನೆ.

ನಿಮ್ಮ ಪೂರ್ವದ ಕಿಟಕಿಗೆ ಮಾತ್ರ ಬ್ರಹ್ಮಕಮಲ ತನ್ನಿ. ಬೆಂಗಳೂರಿನವರು ಬ್ರಹ್ಮಕಮಲ ಎನ್ನುವುದು ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಒಂದು ಕಳ್ಳಿಯನ್ನು. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ನಾವು ಎಲೆ ಎನ್ನುವುದು ನಿಜವಾಗಿ ಚಪ್ಪಟೆಯಾದ ಕಾಂಡ. ಅದಕ್ಕೇ ಒಂದು ಗೇಣುದ್ದದ ತುಂಡು ನೆಟ್ಟರೂ ಗಿಡವಾಗುತ್ತದೆ, ಮೊಗ್ಗು ಅದರ ಅಂಚಿನ ಕಚ್ಚಿನಿಂದಲೇ ಹೊರಡುತ್ತದೆ.

ನನ್ನದು ಅತ್ತೆಯವರು ಹಾಸನದ ಮನೆಯಿಂದ ಕೈಚೀಲದಲ್ಲಿ ತಂದುಕೊಟ್ಟ ಎಲೆ. ಗಿಡ ದೊಡ್ಡದಾದಾಗ ಕೆಳಗಿನ ಮನೆಯವರಿಗೆ ಎರಡು ಎಲೆ ಕೊಟ್ಟಿದ್ದೆ. ಮೂರನೇ ಮನೆಯಲ್ಲಿದ್ದಾಗ ಒಂದು ಮಳೆಗಾಲ ನಾವು ಹತ್ತು ದಿನ ಊರಿನಲ್ಲಿರಲಿಲ್ಲ. ಸಜ್ಜೆಯ ನೀರು ನೇರವಾಗಿ ಕುಂಡಕ್ಕೇ ಸುರಿದಿತ್ತು. ಬಂದು ಮುಟ್ಟಿದರೆ ಬುಡ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿತ್ತು, ಮೇಲಿನ ತನಕ ಒಂದು ಎಲೆಯೂ ಗಟ್ಟಿಯಿರಲಿಲ್ಲ. ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷ. ಹಾಸನದ ಮನೆ ಮಾರಿ ಆಗಿತ್ತು. ಕುಂಡದ ಮುಂದೆ ಕುಳಿತು ಅತ್ತುಬಿಟ್ಟೆ.

ರಾತ್ರಿ ನೆನಪಾಯಿತು. ಹಳೆಯ ಮನೆಯ ಕೆಳಗಿನವರು ಆಗ ರಾಜರಾಜೇಶ್ವರಿ ನಗರಕ್ಕೆ ಹೋಗಿದ್ದರು. ಫೋನ್ ಮಾಡಿದೆ. “ನಿಮ್ಮ ಗಿಡ ತಾರಸಿ ಮೆಟ್ಟಿಲ ತನಕ ಹಬ್ಬಿದೆ, ಎಷ್ಟು ಎಲೆ ಬೇಕು ಹೇಳಿ” ಎಂದರು. ಮರುದಿನ ಪೇಪರ್‌ನಲ್ಲಿ ಸುತ್ತಿ ಮೂರು ಎಲೆ ಕೊಟ್ಟರು. ಅದು ಹೂಬಿಟ್ಟದ್ದು ಮೂರನೇ ವರ್ಷದ ಜುಲೈನಲ್ಲಿ. ಜೋತಾಡುತ್ತಿದ್ದ ಮೊಗ್ಗು ಎರಡು ದಿನ ಮೊದಲೇ ಹಂಸದ ಕತ್ತಿನಂತೆ ಮೇಲಕ್ಕೆ ಬಾಗುತ್ತದೆ, ಅರಳುವ ಸೂಚನೆ ಅದು. ಸಂಜೆ ಏಳೂವರೆಗೆ ತುದಿ ಸ್ವಲ್ಪ ಬಿರಿಯಿತು, ಎಂಟೂವರೆಗೆ ಪರಿಮಳ ಅಡುಗೆಮನೆಯ ತನಕ ಬಂತು, ಹತ್ತೂವರೆಗೆ ಅಂಗೈಗಿಂತ ಅಗಲದ ಬಿಳಿ ಹೂವು. ಅಕ್ಕಪಕ್ಕದ ಮನೆಯವರು ಕುಂಕುಮ ತಂದರು, ಮಕ್ಕಳು ನಿದ್ದೆಗಣ್ಣಿನಲ್ಲೇ ನಿಂತು ನೋಡಿದರು. ಬೆಳಗಾಗುವಷ್ಟರಲ್ಲಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಆದ್ದರಿಂದ ನೀವು ಯಾವ ಗಿಡ ತಂದರೂ ಅದು ಚೇತರಿಸಿಕೊಂಡ ಮೊದಲ ಮುಂಗಾರಿಗೇ ಒಂದು ತುಂಡು ಕತ್ತರಿಸಿ ನೆಟ್ಟು, ಬೇರೆ ಮನೆಗೆ ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಹವೆ ಬೇರೊಡೆಯಲು ಚೆನ್ನಾಗಿರುತ್ತದೆ.

ಬ್ರಹ್ಮಕಮಲವನ್ನು ಕೊಳ್ಳಬೇಡಿ, ನಿಮ್ಮ ರಸ್ತೆಯಲ್ಲೇ ಯಾರ ಮನೆಯಲ್ಲಾದರೂ ಇರುತ್ತದೆ, ಕೇಳಿ. ಎಲೆ ತಂದ ಕೂಡಲೇ ನೆಡಬೇಡಿ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗಲು ನಾಲ್ಕೈದು ದಿನ ನೆರಳಿನಲ್ಲಿಡಿ, ಆಮೇಲೆ ಎರಡು ಇಂಚು ಮಣ್ಣಿಗಿಳಿಸಿ ಕಡ್ಡಿಗೆ ಕಟ್ಟಿ ನಿಲ್ಲಿಸಿ.