ಹಳೇ ಫೈಟಿಂಗ್ ಗೇಮ್ ಮತ್ತೆ ತರಬೇಕಾ? ಮೊದಲು ನೆಟ್‌ಕೋಡ್ ನೋಡಿ

ಪ್ರಶ್ನೆ: ಚಿಕ್ಕಂದಿನಲ್ಲಿ ವಿಡಿಯೋ ಗೇಮ್ ಅಂಗಡಿಯಲ್ಲಿ ಸ್ಟ್ರೀಟ್ ಫೈಟರ್ ಆಡಿ ಬೆಳೆದವನು ನಾನು. ಅಂಥ ಹಳೇ ಸರಣಿಯೊಂದು ಈಗಿನ ಹುಡುಗರಿಗೂ ಹಿಡಿಸಬೇಕು ಅಂದರೆ ಏನು ಮಾಡಬೇಕು? ಮೂವ್‌ಗಳನ್ನು ಸುಲಭ ಮಾಡಿದರೆ ಸಾಕಾ? ಗೆಳೆಯರು ಸೇರಿ ಅದೇ ಥರದ ಗೇಮ್ ಮಾಡುವ ಯೋಚನೆಯಲ್ಲಿದ್ದೇವೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸುಲಭ ಮಾಡುವುದು ಆಮೇಲಿನ ಮಾತು. ಅಂಗಡಿಯಲ್ಲಿ ನಿಮ್ಮ ಎದುರಾಳಿ ಪಕ್ಕದಲ್ಲೇ ನಿಂತಿರುತ್ತಿದ್ದ. ಈಗ ಅವನು ಇನ್ಯಾವುದೋ ಊರಲ್ಲಿದ್ದಾನೆ. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತವೆ. ನಾಲ್ಕೈದು ಫ್ರೇಮ್ ತಡವಾದರೂ ಸಾಕು, ಬ್ಲಾಕ್ ಮಾಡಬೇಕಾದವನು ಒದೆ ತಿಂದಿರುತ್ತಾನೆ.

ಇಬ್ಬರ ಆಟವನ್ನು ಇಂಟರ್ನೆಟ್ ಮೇಲೆ ಜೋಡಿಸುವ ಕೋಡೇ ನೆಟ್‌ಕೋಡ್. ಹಳೇ ನೆಟ್‌ಕೋಡ್‌ನಲ್ಲಿ ಎದುರಾಳಿ ಒತ್ತಿದ ಬಟನ್ ಯಾವುದು ಅಂತ ತಿಳಿಯುವ ತನಕ ಆಟ ಕಾಯುತ್ತಿತ್ತು. ರೋಲ್‌ಬ್ಯಾಕ್ ಅನ್ನುವ ಹೊಸ ಥರದ ನೆಟ್‌ಕೋಡ್‌ನಲ್ಲಿ ಕಾಯುವುದಿಲ್ಲ. ಅವನು ಹಿಂದಿನ ಫ್ರೇಮ್‌ನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆ ಅಂತ ಊಹಿಸಿ ಮುಂದೆ ಓಡುತ್ತದೆ. ಊಹೆ ತಪ್ಪಿದರೆ ಒಂದೆರಡು ಫ್ರೇಮ್ ಹಿಂದೆ ಹೋಗಿ, ಸರಿಯಾದ ಬಟನ್ ಹಾಕಿ, ತಕ್ಷಣ ಮತ್ತೆ ಲೆಕ್ಕ ಮಾಡುತ್ತದೆ. ಇದಕ್ಕೆ ದಾರಿ ಹಾಕಿದ ಜಿಜಿಪಿಒ ಅನ್ನುವ ಸಾಫ್ಟ್‌ವೇರ್ 2019ರಿಂದ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಹಾಗಾಗಿ ದುಡ್ಡಿನ ನೆಪ ಹೇಳುವ ಹಾಗಿಲ್ಲ. ಆದರೆ ಗೇಮ್ ಮುಗಿದ ಮೇಲೆ ರೋಲ್‌ಬ್ಯಾಕ್ ಸೇರಿಸಲು ಹೋದರೆ ಅರ್ಧ ಕೋಡ್ ಹೊಸದಾಗಿ ಬರೆಯಬೇಕಾದೀತು.

ಇನ್ನು ಸುಲಭದ ವಿಷಯ. 2023ರ ಸ್ಟ್ರೀಟ್ ಫೈಟರ್ 6 ಜಾಣತನ ತೋರಿಸಿತು. ಕ್ಲಾಸಿಕ್ ಕಂಟ್ರೋಲ್‌ನಲ್ಲಿ ಹಡೋಕೆನ್‌ಗೆ (ಕೈಯಿಂದ ಬೆಂಕಿಯುಂಡೆಯಂಥದ್ದನ್ನು ಬಿಡುವ ಮೂವ್) ಕೆಳಗೆ, ಓರೆ, ಮುಂದೆ, ಪಂಚ್. ಮಾಡರ್ನ್‌ನಲ್ಲಿ ಒಂದೇ ಬಟನ್, ಆದರೆ ಏಟಿನ ಬಲ ಶೇ. 20 ಕಡಿಮೆ. ಇಬ್ಬರೂ ಒಂದೇ ಪಂದ್ಯದಲ್ಲಿ ಆಡಬಹುದು. ನನ್ನ ಕೇಳಿದರೆ ಇದೇ ಸರಿ. ಹಡೋಕೆನ್ ಹೇಗೆ ಬಿಡಬೇಕು ಅನ್ನುವುದಕ್ಕಿಂತ ಯಾವಾಗ ಬಿಡಬೇಕು ಅನ್ನುವುದರಲ್ಲಿ ಆಟ ಇರುವುದು, ಅಲ್ವಾ?

ಹಳೇ ಮುಖಗಳನ್ನು ಬಿಡಬೇಡಿ. 1997ರ ಸ್ಟ್ರೀಟ್ ಫೈಟರ್ 3 ಮೊದಲು ಬಂದಾಗ ಹಳಬರಲ್ಲಿ ರ್‍ಯು, ಕೆನ್ ಇಬ್ಬರೇ ಉಳಿದಿದ್ದರು. 2008ರ ನಾಲ್ಕನೇ ಭಾಗ ಎರಡನೆಯದರ ಹೀರೋಗಳನ್ನು ವಾಪಸ್ ಕರೆತಂದಿತು. ಜನರೂ ಜೊತೆಗೇ ಬಂದರು.

ಒಬ್ಬರೇ ಕೂತು ಆಡುವವರಿಗೂ ಏನಾದರೂ ಇರಲಿ. ಐದನೇ ಭಾಗ 2016ರಲ್ಲಿ ಆರ್ಕೇಡ್ ಮೋಡ್ (ಕಂಪ್ಯೂಟರ್ ಆಡಿಸುವ ಎದುರಾಳಿಗಳ ಜೊತೆ ಒಬ್ಬೊಬ್ಬರಾಗಿ ಕಾದಾಡುವುದು) ಇಲ್ಲದೇ ಬಂದು ಚೆನ್ನಾಗಿ ಬೈಸಿಕೊಂಡಿತು. ಅದು ಸೇರಿದ್ದು 2018ರಲ್ಲಿ.

ನಿಮ್ಮದು ಸಣ್ಣ ತಂಡ. ಸದ್ಯಕ್ಕೆ ಇಬ್ಬರೇ ಫೈಟರ್‌ಗಳು ಸಾಕು. ಒಬ್ಬ ಗೆಳೆಯ ದಾವಣಗೆರೆಯಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆಡಲಿ. ಏಟು ಕೊಟ್ಟಿದ್ದು, ತಿಂದಿದ್ದು ಇಬ್ಬರಿಗೂ ಸರಿ ಅನ್ನಿಸಿದ ಮೇಲೆ ಮೂರನೇ ಫೈಟರ್ ಚಿತ್ರ ಬರೆಯಲು ಕೂರಿ.